ಏರಿಯ ಮೇಲಿನ ಕಲ್ಲಿಗೆ ಒಂದು ಏಟು

ಮದುವೆಗೆ ಒಂಬತ್ತು ದಿನ ಉಳಿದಿರುವಾಗ ಮದುಮಗ ನನ್ನನ್ನು ಹುಡುಕಿಕೊಂಡು ಶಿಕಾರಿಪುರಕ್ಕೆ ಬಂದ. ತೊಂಬತ್ತರ ದಶಕದ ನಡುವಿನ ಒಂದು ಏಪ್ರಿಲ್. ಶಿವಮೊಗ್ಗದ ದಿನಪತ್ರಿಕೆಯೊಂದಕ್ಕೆ ನಾನು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳ ಸುದ್ದಿ ಕಳಿಸುತ್ತಿದ್ದೆ. ಬಸ್‌ಸ್ಟ್ಯಾಂಡಿನ ಹಿಂದಿನ ಮಹಡಿಯ ಕೋಣೆಯೇ ಆಫೀಸು, ಅದೇ ಮನೆ. ಬರೆದದ್ದನ್ನು ಕವರಿಗೆ ಹಾಕಿ ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಸಂಜೆಯೊಳಗೆ ಸಂಪಾದಕರ ಮೇಜಿಗೆ ಮುಟ್ಟುತ್ತಿತ್ತು.

ಅವನು ಶಿರಾಳಕೊಪ್ಪದಲ್ಲಿ ಪಂಪ್‌ಸೆಟ್ ಮೋಟರು ರಿಪೇರಿಯ ಅಂಗಡಿ ಇಟ್ಟಿದ್ದ. ಉಗುರಿನ ಸಂದಿಯಲ್ಲಿ ಗ್ರೀಸು. ಒಂದು ಕಲ್ಲಿನ ಮೇಲೆ ಏನು ಬರೆದಿದೆ ಎಂದು ಓದಿಸಿ ಪತ್ರಿಕೆಯಲ್ಲಿ ಹಾಕಬೇಕು, ಇಲ್ಲದಿದ್ದರೆ ತನ್ನ ಮದುವೆ ನಿಲ್ಲುತ್ತದೆ ಎಂದ. ಕುಡಿದು ಬಂದಿದ್ದಾನೆಯೇ ಎಂದು ಮೊದಲು ನೋಡಿದೆ. ಕುಡಿದಿರಲಿಲ್ಲ. ಕಾಗದ ತೆಗೆದುಕೊಂಡು ಬರೆದುಕೊಳ್ಳುತ್ತ ಹೋದೆ.

ಎರಡು ತಾಲ್ಲೂಕುಗಳ ಗಡಿಯಲ್ಲಿ ಒಂದು ಕೆರೆ. ಕೆರೆಯ ಮೇಲಿನ ಊರು ಸೊರಬಕ್ಕೆ ಸೇರಿದ್ದು, ಕೆಳಗಿನ ಊರು ಶಿಕಾರಿಪುರಕ್ಕೆ. ಎರಡು ಊರನ್ನೂ ಒಂದು ಕಾಲದಲ್ಲಿ ಎರಡು ನಾಡಪ್ರಭು ಮನೆತನಗಳು ಆಳುತ್ತಿದ್ದವು, ದನದ ವಿಷಯಕ್ಕೆ ಕಡಿದಾಡಿಕೊಂಡವು. ಅಂದಿನಿಂದ ಒಂದು ಊರಿನ ಹೆಣ್ಣನ್ನು ಇನ್ನೊಂದು ಊರಿಗೆ ಕೊಟ್ಟಿಲ್ಲ. ಜಾತಿ ಒಂದೇ, ಮಠ ಒಂದೇ, ಸಂತೆ ಒಂದೇ, ಹೆಣ್ಣು ಮಾತ್ರ ಇಲ್ಲ. ಕೆರೆಯ ಏರಿಯ ಮೇಲೆ ಒಂದು ವೀರಗಲ್ಲು ಇದೆ. ಅದು ಮೇಲಿನ ಊರಿನ ಪ್ರಭುವಿನದು, ನಮ್ಮ ದನ ಕದ್ದು, ನಮ್ಮವನನ್ನು ಮೋಸದಿಂದ ಕೊಂದು, ಮೇಲಿಂದ ತನ್ನ ಪೌರುಷವನ್ನು ಕಲ್ಲಿನಲ್ಲಿ ಕೆತ್ತಿಸಿಕೊಂಡವನದು ಎಂದು ಕೆಳಗಿನ ಊರಿನವರ ನಂಬಿಕೆ. ಆದ್ದರಿಂದ ಆ ಊರಿನ ಪ್ರತಿ ಮದುಮಗನೂ ಧಾರೆಗೆ ಮುಂಚೆ ಚಾಣ, ಸುತ್ತಿಗೆ ಹಿಡಿದು ಹೋಗಿ, ಆ ಕಲ್ಲಿನಲ್ಲಿ ಹೆಸರು ಇರುವ ಜಾಗಕ್ಕೆ ಒಂದು ಏಟು ಹಾಕಿ ಬರುತ್ತಾನೆ. ಒಂದೇ ಏಟು. ಹಾಕದೆ ಮದುವೆಯಾದವನು ವರ್ಷ ತುಂಬಿಸುವುದಿಲ್ಲ.

ಈ ಮದುಮಗನಿಗೆ ಗೊತ್ತಾದ ಹೆಣ್ಣು ಮೇಲಿನ ಊರಿನವಳು. ಮೋಟರು ಇಳಿಸಲಿಕ್ಕೆ ಹೋದ ಮನೆಯಲ್ಲಿ ನೋಡಿದ್ದು. ಎರಡೂ ಕಡೆ ವರ್ಷಗಟ್ಟಲೆ ಜಗ್ಗಾಡಿ ಕೊನೆಗೆ ಒಪ್ಪಿದ್ದರು. ಈಗ ಹುಡುಗಿಯ ತಂದೆ ಒಂದು ಮಾತು ಹೇಳಿ ಕಳಿಸಿದ್ದರು: ನಮ್ಮ ಹಿರಿಯರ ಕಲ್ಲಿಗೆ ಹುಡುಗ ಏಟು ಹಾಕಿದರೆ ಹೆಣ್ಣು ಕೊಡುವುದಿಲ್ಲ. ಮದುಮಗನ ತಾಯಿಯದೂ ಒಂದು ಮಾತು: ಏಟು ಹಾಕದೆ ನನ್ನ ಮಗ ಹಸೆಗೆ ಕೂರುವುದಿಲ್ಲ.

"ನಿಮ್ಮ ತಂದೆ ಏನಂತಾರೆ?" ಎಂದು ಕೇಳಿದೆ.

"ಅಪ್ಪ ಏಟು ಹಾಕಿರಲಿಲ್ಲ ಸರ್" ಎಂದ. "ನಾನು ಹೊಟ್ಟೇಲಿದ್ದೆ, ಎಂಟನೇ ತಿಂಗಳಿಗೆ ಹೋಗಿಬಿಟ್ರು. ಮೂರು ದಿನ ಜ್ವರ."

ಅವನು ಹೋದ ಮೇಲೆ ಬರೆದುಕೊಂಡದ್ದನ್ನು ಮತ್ತೊಮ್ಮೆ ಓದಿದೆ. ಏಟು ಬೀಳುವುದು ಹೆಸರಿಗೆ. ಯಾರ ಹೆಸರು ಎಂದು ನಾನು ಎರಡು ಸಲ ಕೇಳಿದ್ದೆ. ಅವನಿಗೆ ಗೊತ್ತಿರಲಿಲ್ಲ.

*

ಮಾರನೆಯ ದಿನ ಸೊರಬಕ್ಕೆ ಹೋಗಿ ಶಾಸನ ಓದುವ ಮೇಷ್ಟ್ರನ್ನು ಕಂಡೆ. ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿ ನಿವೃತ್ತರಾದವರು. ರಜೆಯ ದಿನಗಳನ್ನೆಲ್ಲ ಬಂದಳಿಕೆಯ ಗುಡಿಗಳಲ್ಲಿ ಕಳೆದು, ಯಾರೂ ಹೇಳಿಕೊಡದೆ ಶಾಸನದ ಅಚ್ಚನ್ನು ಕಾಗದದ ಮೇಲೆ ತೆಗೆಯುವುದನ್ನು ಕಲಿತವರು. ಕಥೆ ಕೇಳಿ ಅವರಿಗೆ ಖುಷಿಯಾಗಲಿಲ್ಲ.

"ಹೊಡೆದ ಕಲ್ಲನ್ನ ಓದೋದು ಕಷ್ಟ ಅಲ್ಲ ಮಾರಾಯ್ರೆ. ಓದಿದ್ದನ್ನ ಕೇಳೋರು ಕಷ್ಟ" ಎಂದರು. ಆದರೂ ಚೀಲಕ್ಕೆ ಸಾಮಾನು ತುಂಬಿಸಿದರು. ದೊಡ್ಡ ಹಾಳೆಯ ಕಾಗದದ ಸುರುಳಿ, ತೆಂಗಿನ ನಾರಿನ ಬ್ರಷ್ಷು, ಬಿಗಿ ಕೂದಲಿನ ಇನ್ನೊಂದು ಬ್ರಷ್ಷು, ಕಾಡಿಗೆ ಮಸಿಯನ್ನು ಗೋಂದಿನಲ್ಲಿ ಕಲಸಿದ ಡಬ್ಬಿ, ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿದ ಮುಷ್ಟಿಗಾತ್ರದ ಗಂಟು, ಒಂದು ಮುಖ ನೋಡುವ ಕನ್ನಡಿ.

ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಏರಿಯ ಮೇಲಿದ್ದೆವು. ಕೆರೆಯಲ್ಲಿ ನೀರು ಹಿಂದೆ ಸರಿದು ಕಾಲು ಭಾಗಕ್ಕೆ ನಿಂತಿತ್ತು, ಉಳಿದದ್ದು ಬಿರುಕು ಬಿಟ್ಟ ಹೂಳು. ಕಲ್ಲು ನನ್ನ ಎದೆಯ ಎತ್ತರ. ಮೂರು ಅಂಕಣ. ಮೇಲೆ ಲಿಂಗ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಕೆಳಗೆ ಕಾಳಗ ಮತ್ತು ದನಗಳು. ಅಂಕಣಗಳ ನಡುವಿನ ಪಟ್ಟಿಗಳಲ್ಲಿ ಅಕ್ಷರ. ಮೇಲಿನ ಪಟ್ಟಿಯ ನಡುವೆ ಒಂದು ಗುಳಿ.

ಒಡೆದ ಕಲ್ಲುಗಳನ್ನು ನಾನು ಬೇಕಾದಷ್ಟು ನೋಡಿದ್ದೆ. ಅವು ಸಿಟ್ಟಿನಲ್ಲಿ ಒಡೆದವು, ಅಂಚು ಚೂಪಾಗಿರುತ್ತದೆ, ಏಟು ಅಡ್ಡಾದಿಡ್ಡಿ ಬಿದ್ದಿರುತ್ತದೆ. ಇದು ಹಾಗಿರಲಿಲ್ಲ. ತೆಂಗಿನ ಕರಟದಷ್ಟು ಆಳ, ನಯ. ತಳದಲ್ಲಿ ಹಿಂದಿನ ವರ್ಷದ ಮದುವೆಗಳ ಏಟುಗಳು ಬಿಳಿಯಾಗಿ ಹೊಳೆಯುತ್ತಿದ್ದವು, ಅದರ ಸುತ್ತ ಬೂದು, ಅದರಾಚೆ ಕಪ್ಪು. ಯಾರೋ ಒಬ್ಬನೇ ತಾಳ್ಮೆಯಿಂದ, ಕೈ ಸೋಲದೆ ಕೆಲಸ ಮಾಡಿದ ಹಾಗೆ. ನಾನು ಕೈ ಇಟ್ಟೆ. ಗುಳಿಯೊಳಗೆ ಅಂಗೈ ಸರಿಯಾಗಿ ಕೂತಿತು. ಬಿಸಿಲಿಗೆ ಕಲ್ಲೆಲ್ಲ ಕಾದಿತ್ತು, ಗುಳಿಯ ತಳ ಮಾತ್ರ ತಣ್ಣಗಿತ್ತು. ನೆರಳಿಗೆ ಇರಬೇಕು ಎಂದುಕೊಂಡೆ.

ಮೇಷ್ಟ್ರು ಕಲ್ಲು ತೊಳೆದು, ನೆನೆಸಿದ ಕಾಗದವನ್ನು ಅಂಟಿಸಿದರು. ಆಮೇಲೆ ಬಿಗಿ ಬ್ರಷ್ಷಿನಿಂದ ಕಾಗದವನ್ನು ತಟ್ಟತೊಡಗಿದರು. ಕಾಗದ ಅಕ್ಷರಗಳ ತಗ್ಗಿನೊಳಗೆ ಇಳಿಯಬೇಕು. ಟಪ್ ಟಪ್ ಎಂಬ ಆ ಸದ್ದು ಕೆರೆಯ ಅಂಗಳ ದಾಟಿ, ಮೇಲಿನ ಊರಿನ ಗುಡಿಯ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ನಾವು ನಿಲ್ಲಿಸಿದ ಮೇಲೂ ಒಂದು ಸಲ ಬಂತು. ಮೇಷ್ಟ್ರು ಬ್ರಷ್ಷು ಹಿಡಿದ ಕೈ ಎತ್ತಿ ನನ್ನನ್ನು ನೋಡಿದರು.

ಹತ್ತು ನಿಮಿಷದಲ್ಲಿ ಮೇಲಿನ ಊರಿನಿಂದ ಹದಿನೈದು ಜನ ಏರಿಯ ಮೇಲೆ ಓಡಿ ಬಂದರು. ಮದುವೆಯ ದಿನಗಳಲ್ಲಿ ಆ ಕಲ್ಲಿನ ಸದ್ದು ಕೇಳಿದರೆ ಅಲ್ಲಿನ ಹೆಂಗಸರು ಕೆಲಸ ಬಿಟ್ಟು ಕಿವಿ ಮುಚ್ಚಿಕೊಳ್ಳುತ್ತಾರಂತೆ. ಅವತ್ತು ಮದುವೆಯಿಲ್ಲದ ದಿನ, ಒಂದಲ್ಲ ನೂರು ಏಟು ಕೇಳಿಸಿದ್ದವು. ಬಂದವರಿಗೆ ಕಂಡದ್ದು ಮುದುಕರೊಬ್ಬರು ಕಲ್ಲಿಗೆ ಕಾಗದ ಮೆತ್ತುತ್ತಿರುವುದು.

"ಏನ್ರೀ, ಎಲೆಕ್ಷನ್ ಪೋಸ್ಟರಾ? ಯಾವ ಪಾರ್ಟಿ?" ಎಂದ ಒಬ್ಬ. ಕೆಲವರು ನಕ್ಕರು. ನಾನು ಪತ್ರಿಕೆಯ ಹೆಸರು ಹೇಳಿ ವಿವರಿಸುವಷ್ಟರಲ್ಲಿ ಕೆಳಗಿನ ಊರಿನವರೂ ಏರಿ ಹತ್ತಿದ್ದರು. ಮಾತಿಗೆ ಮಾತು ಬೆಳೆಯುವಾಗ ಗಾಳಿ ಎದ್ದು, ಒಣಗುತ್ತಿದ್ದ ಕಾಗದ ಗುಳಿಯ ನೇರಕ್ಕೆ ಹರಿಯಿತು. ಮೇಷ್ಟ್ರು ಸಾಮಾನು ಕಟ್ಟಿದರು.

ಅವತ್ತು ಸಿಕ್ಕಿದ ಲಾಭ ಒಂದೇ. ಮದುಮಗನ ಅಜ್ಜ ಅಲ್ಲಿಗೆ ಬಂದಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಬಾಗದ ಬೆನ್ನು. ಒಬ್ಬನೇ ಒಂದೇ ದಿನ ಹೆಸರನ್ನು ಅಳಿಸಿ ಹಾಕಬಹುದಿತ್ತಲ್ಲ, ಒಂದೊಂದೇ ಏಟು ಯಾಕೆ ಎಂದು ಅವರನ್ನು ಕೇಳಿದೆ.

"ಕಲ್ಲು ಅಳಿಸಿದೋನಿಗೆ ಕಾಶೀಲಿ ಹಸು ಕೊಂದ ಪಾಪ ಅಂತ ಶಾಪ ಐತಲ್ರೀ" ಎಂದರು. "ಒಬ್ಬನೇ ಅಳಿಸಿದ್ರೆ ಪಾಪ ಒಬ್ಬನಿಗೇ. ಎಲ್ಲಾರೂ ಒಂದೊಂದು ಹಾಕಿದ್ರೆ ಯಾರ ಏಟಿಗೂ ಹಸು ಸಾಯಲ್ಲ."

ಅದನ್ನು ಹಾಗೆಯೇ ಬರೆದುಕೊಂಡೆ. ಪೆನ್ನು ಮುಚ್ಚಿದ ಮೇಲೆ ಅದರ ಅರ್ಥ ಹೊಳೆಯಿತು. ಶತಮಾನಗಳ ಕಾಲ ಗಂಡಸರು ಸಾಲಾಗಿ ಬಂದು, ಯಾರೂ ಕೊಲ್ಲದೆ ಒಬ್ಬನನ್ನು ಕೊಂದಿದ್ದರು.

*

ನಾಲ್ಕನೆಯ ದಿನ ಬೆಳಕು ಹರಿಯುವ ಹೊತ್ತಿಗೇ ಹೋದೆವು. ಗಾಳಿ ಇರಲಿಲ್ಲ. ಎರಡೂ ಊರಿನ ಹಿರಿಯರಿಗೆ ಹಿಂದಿನ ಸಂಜೆಯೇ ಹೇಳಿ ಒಪ್ಪಿಸಿದ್ದೆ. ಈ ಸಲ ಮೇಷ್ಟ್ರು ಗುಳಿಯೊಳಗೆ ಕಾಗದದ ಚಿಕ್ಕ ತುಂಡುಗಳನ್ನು ಬೇರೆಯಾಗಿ ಅಂಟಿಸಿ, ಮೇಲೆ ದೊಡ್ಡ ಹಾಳೆ ಹಾಕಿದರು. ತಟ್ಟಿ, ಅರೆ ಒಣಗುವವರೆಗೆ ಕಾದು, ಬಟ್ಟೆಯ ಗಂಟನ್ನು ಮಸಿಗೆ ಅದ್ದಿ ಹಗುರವಾಗಿ ಒತ್ತುತ್ತ ಬಂದರು. ಕಲ್ಲಿನ ಮೈ ಕಪ್ಪಾಗುತ್ತದೆ, ತಗ್ಗಿನಲ್ಲಿರುವ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಎಂಟು ಗಂಟೆಗೆ ಕಾಗದ ಸುಲಿದು ಬಂತು. ಆಮೇಲೆ ನಾನು ಕನ್ನಡಿ ಹಿಡಿದು ಬಿಸಿಲನ್ನು ಕಲ್ಲಿನ ಮೇಲೆ ಅಡ್ಡಡ್ಡಲಾಗಿ ಬಿಟ್ಟೆ, ಮೇಷ್ಟ್ರು ಒಂದೊಂದೇ ಅಕ್ಷರ ಓದಿ ಹೇಳಿದರು, ಬರೆದುಕೊಂಡೆ. ಅರ್ಥ ಹೇಳಲಿಲ್ಲ. ಪೂರ್ತಿ ಓದುವವರೆಗೆ ಅರ್ಥ ಹೇಳುವ ಅಭ್ಯಾಸ ಅವರಿಗಿಲ್ಲ.

ಮಧ್ಯಾಹ್ನ ನನ್ನ ಕೋಣೆಯಲ್ಲಿ ಹಗ್ಗ ಕಟ್ಟಿ ಅಚ್ಚನ್ನು ತೂಗುಹಾಕಿದೆವು. ಕಪ್ಪು ಹಾಳೆ, ಬಿಳಿ ಸಾಲುಗಳು, ನಡುವೆ ಬಾಯಿ ತೆರೆದ ಹಾಗೆ ಒಂದು ಬಿಳಿ ತೂತು. ಫ್ಯಾನಿನ ಗಾಳಿಗೆ ಹಾಳೆ ಒಳಗೆ ಸೆಳೆದುಕೊಂಡು ಹೊರಗೆ ಬಿಡುತ್ತಿತ್ತು. ಕೊನೆಗೆ ಫ್ಯಾನು ನಿಲ್ಲಿಸಿದೆ. ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ ಓದುತ್ತ ಹೋದರು.

ಸುಮಾರು ಒಂದು ಗಂಟೆಯ ಮೇಲೆ ಅವರು ಕನ್ನಡಕ ತೆಗೆದಿಟ್ಟರು.

"ಇದು ಮೇಲಿನ ಊರಿನ ಕಲ್ಲಲ್ಲ" ಎಂದರು.

ಮೇಲಿನ ಪಟ್ಟಿಯಲ್ಲಿ ದನ ಮರಳಿಸಿ ಸತ್ತವನ ಹೆಸರು ಇತ್ತು, ಅದು ಹೋಗಿದೆ. ಆದರೆ ಕೆಳಗಿನ ಪಟ್ಟಿಯಲ್ಲಿ ಕಲ್ಲು ನಿಲ್ಲಿಸಿದವನು ಯಾರೆಂದು ಇದೆ. ಸತ್ತವನ ತಮ್ಮ, ಕೆಳಗಿನ ಊರಿನ ಪ್ರಭು. ಊರಿನ ಹೆಸರು ಇವತ್ತಿನದೇ, ಸ್ವಲ್ಪ ಹಳೆಯ ರೂಪದಲ್ಲಿ. ದನ ಕದ್ದವನೆಂದು ಬೈಸಿಕೊಂಡಿರುವುದು ಮೇಲಿನ ಊರಿನ ಪ್ರಭು. ಶಾಪ ಎಲ್ಲಿದೆ ಎಂದು ಕೇಳಿದೆ. ಈ ಕಲ್ಲಿನಲ್ಲಿ ಶಾಪವೇ ಇಲ್ಲ ಎಂದರು.

ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ. ಕೆಳಗೆ ಸೊರಬದ ಬಸ್ಸು ಹಿಂದಕ್ಕೆ ಬರುತ್ತಿತ್ತು, ಕ್ಲೀನರ್ ಡಬ್ಬ ಡಬ್ಬ ಎಂದು ಬಸ್ಸಿನ ಮೈಗೆ ಬಡಿಯುತ್ತಿದ್ದ. ಆ ಊರಿನ ಗಂಡಸರು ಹಗೆಯವನೆಂದು ಹೊಡೆಯುತ್ತ ಬಂದದ್ದು ತಮ್ಮವನನ್ನೇ.

ಒಂದು ಆಧಾರದ ಮೇಲೆ ಸುದ್ದಿ ಬರೆಯಬಾರದು ಎಂಬುದು ನಮ್ಮ ಪತ್ರಿಕೆಯ ನಿಯಮ. ಎರಡನೆಯ ಆಧಾರ ಮೇಲಿನ ಊರಿನ ಗುಡಿಯಂಗಳದಲ್ಲಿತ್ತು: ಅವರು ಪ್ರತಿ ಸೋಮವಾರ ಎಣ್ಣೆ ಹಚ್ಚುವ ಇನ್ನೊಂದು ಕಲ್ಲು.

*

ಹುಡುಗಿಯ ತಂದೆ ಅಡಿಕೆ ವ್ಯಾಪಾರದವರು, ಮಾತು ಕಡಿಮೆ. ಏರಿಯ ಕಲ್ಲಿನಲ್ಲಿ ಏನಿದೆ ಎಂದು ನಾವು ಹೇಳಲಿಲ್ಲ, ಅವರೂ ಕೇಳಲಿಲ್ಲ. ತಮ್ಮ ಕಲ್ಲನ್ನು ಓದಲು ಒಪ್ಪಿದರು. ಓದಿದ್ದನ್ನು ಓದಿದ ಹಾಗೇ ಹಾಕಬೇಕು, ಹೆಚ್ಚು ಕಡಿಮೆ ಮಾಡಬಾರದು ಎಂದಷ್ಟೇ ಅಂದರು. ಕಲ್ಲಿನ ಮೇಲೆ ಎಣ್ಣೆಯ ಜಿಡ್ಡು ಚರ್ಮದ ಹಾಗೆ ಗಟ್ಟಿಯಾಗಿತ್ತು. ಅವರ ಮನೆಯ ಹೆಂಗಸರು ಸೀಗೆಪುಡಿ, ಬಿಸಿನೀರು ತಂದು ಅರ್ಧ ದಿನ ತಿಕ್ಕಿದರು. ಮದುಮಗಳೂ ಇದ್ದಳು. ಅವಳು ತಲೆ ಎತ್ತದೆ, ಅಕ್ಷರದ ಸಂದಿಗಳಿಂದ ಜಿಡ್ಡನ್ನು ಕಡ್ಡಿಯಲ್ಲಿ ತೆಗೆಯುತ್ತಿದ್ದಳು.

ಆ ಕಲ್ಲಿನಲ್ಲಿ ಎಲ್ಲವೂ ಇತ್ತು. ಏರಿಯ ಮೇಲಿನ ಕಲ್ಲು ತನ್ನ ಮುತ್ತಜ್ಜನದು ಎಂದು ಮೇಲಿನ ಊರಿನ ಪ್ರಭುವೊಬ್ಬ ಹೇಳಿಕೊಂಡಿದ್ದ. ದನ ಕದ್ದವರು ಕೆಳಗಿನವರು, ಮರಳಿಸಿ ಸತ್ತವನು ತನ್ನವನು. ಕೊನೆಗೆ, ಆ ಕಲ್ಲನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸು ಕೊಂದ ಪಾಪ. ಮೇಷ್ಟ್ರು ಎರಡು ಅಚ್ಚುಗಳನ್ನೂ ಪಕ್ಕಪಕ್ಕ ಹಿಡಿದು ತೋರಿಸಿದರು. ಅಕ್ಷರದ ಕೈ ಬೇರೆ, ಕಾಲ ಬೇರೆ. ಇದು ಕನಿಷ್ಠ ಎರಡು ಮೂರು ತಲೆಮಾರು ಆಮೇಲಿನದು.

"ಕಣ್ಣಾರೆ ಕಂಡೋರು ಎಲ್ಲಾ ಸತ್ತ ಮೇಲೆ ಬರೆಸಿದ್ದು" ಎಂದರು ಮೇಷ್ಟ್ರು. "ಕೆಳಗಿನೋರಿಗೆ ಓದಲಿಕ್ಕೆ ಬರ್ತಿರ್ಲಿಲ್ಲ. ಏರಿ ಮೇಲಿನ ಕಲ್ಲು ನಮ್ದು, ನಿಮ್ಮನ್ನ ಬೈದಿದೆ ಅಂತ ಇವರು ಹೇಳಿದ್ರು. ಅವರು ನಂಬಿದ್ರು. ಹಗೆಯೋನು ಹೇಳಿದ್ದನ್ನ ಸಿಟ್ಟಿನಲ್ಲಿ ನಂಬಿಬಿಟ್ರು."

ಹಾಗಾದರೆ ಮೊದಲ ಕಲ್ಲು ಹೇಳುವುದು ನಿಜವೇ ಎಂದು ಕೇಳಿದೆ. ಅದೂ ಒಂದು ಪಕ್ಷದ ಮಾತೇ ಎಂದರು. ದನ ಮೊದಲು ಯಾರು ಕದ್ದರೋ ಎರಡು ಕಲ್ಲಿನಿಂದಲೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಯಾರು ಯಾವ ಕಲ್ಲು ಹಾಕಿಸಿದರು ಎನ್ನುವುದು ಮಾತ್ರ.

*

ಆರನೆಯ ದಿನ ಎಸ್‌ಟಿಡಿ ಬೂತಿನಿಂದ ಸಂಪಾದಕರಿಗೆ ಫೋನು ಮಾಡಿದೆ. ಅವರಿಗೆ ಕಥೆ ಹಿಡಿಸಿತು. ಸತ್ತವನ ಹೆಸರೇನು ಎಂದರು. ಹೋಗಿದೆ, ಐದಾರು ಅಕ್ಷರದ ಜಾಗ ಖಾಲಿ, ಅಲ್ಲಿ ಚುಕ್ಕೆ ಹಾಕುತ್ತೇನೆ ಎಂದೆ.

"ಚುಕ್ಕೆ ಇಟ್ಟ ವೀರನ ಕಥೆ ಯಾರು ಓದ್ತಾರ್ರೀ? ಎಲ್ಲಾದರೂ ಹುಡುಕಿ."

ಹುಡುಕುವ ಮೊದಲೇ ಹೆಸರು ಬಾಗಿಲಿಗೆ ಬಂತು. ಎರಡು ಕಲ್ಲಿನ ವಿಷಯವೂ ಹೇಗೋ ಹೊರಬಿದ್ದಿತ್ತು. ಕೆಳಗಿನ ಊರಿನ ಇಬ್ಬರು ಹಿರಿಯರು ನನ್ನ ಕೋಣೆಗೆ ಬಂದು, ವಂಶಾವಳಿ ಹೇಳುವ ಹೆಳವರ ಬಾಯಲ್ಲಿ ತಮ್ಮ ಮೂಲಪುರುಷನ ಹೆಸರು ಇದೆ, ಅದನ್ನೇ ಹಾಕಿ ಎಂದರು. ಹೆಸರು ಗಟ್ಟಿಯಾಗಿತ್ತು, ಕಿವಿಗೆ ಚೆನ್ನಾಗಿತ್ತು. ಸಂಜೆ ಮೇಷ್ಟ್ರು ಅಚ್ಚಿನ ಖಾಲಿ ಜಾಗವನ್ನು ಅಳೆದು, ಆ ಹೆಸರನ್ನು ಹಳೆಯ ಅಕ್ಷರದಲ್ಲಿ ಬರೆದು ನೋಡಿದರು. ಸರಿಯಾಗಿ ಕೂತಿತು.

"ಹಿಡಿಸ್ತದೆ" ಎಂದರು. "ಹಿಡಿಸಿದ ಮಾತ್ರಕ್ಕೆ ಅದೇ ಆಗಲ್ಲ ಮಾರಾಯ್ರೆ."

ನಾನು ಆ ರಾತ್ರಿಯ ಊಟ ಬಿಟ್ಟೆ ಎಂದೇನೂ ಹೇಳುವುದಿಲ್ಲ, ಚೆನ್ನಾಗಿಯೇ ಉಂಡೆ. ಆದರೆ ಆ ಹೆಸರನ್ನು ಬರೆದರೆ ನಾನು ಮೂರನೆಯ ಕಲ್ಲು ಹಾಕಿಸಿದವನಾಗುತ್ತೇನೆ ಎಂಬುದು ಸ್ಪಷ್ಟವಾಗಿತ್ತು. ನಾಳೆ ಆ ಹೆಸರಿಗೆ ಪೂಜೆ ಶುರುವಾಗುತ್ತದೆ, ಅದರ ಮುಂದೆ ಒಂದು ಜಗಳ. ಎರಡು ನಿರ್ಧಾರ ಮಾಡಿದೆ. ಅಚ್ಚಿನಲ್ಲಿ ಇದ್ದಷ್ಟೇ, ಹೋದ ಜಾಗಕ್ಕೆ ಚುಕ್ಕೆ. ಎರಡನೆಯದು, ಪತ್ರಿಕೆಯಲ್ಲಿ ಬರುವ ಮೊದಲು ಎರಡೂ ಊರಿನವರ ಎದುರಿಗೆ ಓದುವುದು. ತಮ್ಮ ಬಗ್ಗೆ ಇಂಥದ್ದನ್ನು ಅವರು ಚಹಾದಂಗಡಿಯಲ್ಲಿ ಓದಿ ತಿಳಿಯಬಾರದು.

*

ಏಳನೆಯ ದಿನ ಸಂಜೆ ನಾಲ್ಕಕ್ಕೆ ಏರಿಯ ಮೇಲೆ ಮೇಷ್ಟ್ರು ಎರಡೂ ಅಚ್ಚುಗಳನ್ನು ಹರಡಿ ಓದಿದರು. ಮೊದಲು ಮೇಲಿನ ಊರಿನ ಕಲ್ಲು, ಆಮೇಲೆ ಏರಿಯ ಕಲ್ಲು. ಖಾಲಿ ಜಾಗ ಬಂದಾಗ ಅವರು ಸುಮ್ಮನಾಗಿ, ಎರಡು ಉಸಿರಿನಷ್ಟು ತಡೆದು ಮುಂದೆ ಓದಿದರು. ಯಾರೂ ಜಗಳಕ್ಕೆ ಏಳಲಿಲ್ಲ. ನಾನು ನಿರೀಕ್ಷಿಸಿದ್ದ ಗಲಾಟೆ ಆಗಲೇ ಇಲ್ಲ, ಅದೇ ವಿಚಿತ್ರ. ಮೇಲಿನ ಊರಿನವರು ನೆಲ ನೋಡುತ್ತಿದ್ದರು. ಕೆಳಗಿನ ಊರಿನ ಮದುವೆಯಾದ ಗಂಡಸರಲ್ಲಿ ಕೆಲವರು ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು.

ಅಜ್ಜ ಎದ್ದು ಕಲ್ಲಿನ ಹತ್ತಿರ ಹೋದರು. ಗುಳಿಯೊಳಗೆ ಬೆರಳು ಆಡಿಸಿದರು, ಕಣ್ಣು ಕಾಣದವರು ಮುಖ ಮುಟ್ಟಿ ನೋಡುವ ಹಾಗೆ.

"ಮೇಷ್ಟ್ರೇ, ಇದರಾಗೆ ನಂದು ಯಾವುದು?"

ಮೇಷ್ಟ್ರಿಗೆ ಪ್ರಶ್ನೆ ತಿಳಿಯಲಿಲ್ಲ.

"ನಾ ಹಾಕಿದ ಏಟು ರೀ. ಯಾವುದು?"

ಹೇಳಲಿಕ್ಕಾಗುವುದಿಲ್ಲ ಎಂದರು ಮೇಷ್ಟ್ರು. ಒಂದರ ಮೇಲೊಂದು ಬಿದ್ದಿವೆ.

ಅಜ್ಜ ಅಲ್ಲಿಯೇ ನಿಂತು, ಇನ್ನು ತಮ್ಮ ಮನೆಯವರು ಯಾರೂ ಈ ಕಲ್ಲಿಗೆ ಕೈ ಎತ್ತುವುದಿಲ್ಲ ಎಂದರು. ಹುಡುಗಿಯ ತಂದೆಯ ಕಡೆ ಎಲ್ಲರೂ ತಿರುಗಿದರು. ಕಲ್ಲು ಅವರದಲ್ಲ ಎಂದಾದ ಮೇಲೆ ಅವರ ಷರತ್ತೂ ಬಿದ್ದು ಹೋಗುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಅವರು ಕಲ್ಲಿನ ಕಡೆ ಕೈ ತೋರಿಸಿದರು.

"ಕಲ್ಲು ನಿಮ್ಮೋರದೇ ಇರಬಹುದು. ಏಟು ಬೀಳ್ತಿದ್ದದ್ದು ನಮ್ಮ ಹೆಸರಲ್ಲಿ. ಅದನ್ನ ನಾವು ಕೇಳ್ಕೊಂಡೇ ಬೆಳೆದದ್ದು. ಹುಡುಗ ಹಾಕಬಾರದು, ಅಷ್ಟೇ."

ಅಲ್ಲಿಗೆ ಎಲ್ಲರೂ ಒಂದು ಕಡೆಯಾದರು, ಒಬ್ಬರನ್ನು ಬಿಟ್ಟು. ಮದುಮಗನ ತಾಯಿ ಏರಿಗೆ ಬಂದಿರಲಿಲ್ಲ.

ಮದುಮಗನ ಜೊತೆ ಅವರ ಮನೆಗೆ ಹೋದೆ. ಹಿತ್ತಲ ಕಟ್ಟೆಯ ಮೇಲೆ ಮದುವೆಯ ಅಕ್ಕಿ ಕೇರುತ್ತಿದ್ದರು. ಅಜ್ಜ ಹೇಳಿ ಕಳಿಸಿದ್ದು ಆಗಲೇ ತಲುಪಿತ್ತು. ನಾನು ಎರಡು ಕಲ್ಲಿನ ಕಥೆಯನ್ನೂ ಮತ್ತೊಮ್ಮೆ ಹೇಳಿದೆ. ಏಟು ಹಾಕದಿದ್ದರೆ ಸಾವು ಎನ್ನುವುದು ಎರಡು ಕಲ್ಲಿನಲ್ಲೂ ಇಲ್ಲ, ಯಾರೋ ಆಮೇಲೆ ಸೇರಿಸಿದ ಮಾತು ಎಂದೆ. ಅವರು ಮೊರ ಕೆಳಗಿಟ್ಟರು.

"ನಮ್ಮೋರು ಸತ್ತದ್ದೂ ಯಾರೋ ಸೇರಿಸಿದ್ದೇನ್ರೀ?"

ನಾನು ಕಾಗದ ಮಡಚಿ ಜೇಬಿಗಿಟ್ಟೆ.

"ನಮ್ಮ ಮದುವೆ ದಿನ ಮಳೆ. ಏರಿ ಮೇಲೆ ಕಾಲಿಡೋ ಹಂಗಿರ್ಲಿಲ್ಲ. ಆಮ್ಯಾಲೆ ಹಾಕ್ತೀನಿ ಅಂದ್ರು. ದಿನಾ ಹೇಳ್ತಿದ್ದೆ, ನಗ್ತಿದ್ರು. ನೀವು ಬರೆಯೋದು ಬರೀರಿ. ನಾಳೆ ನನ್ನ ಮಗನಿಗೆ ವರ್ಷದೊಳಗೆ ಏನಾದ್ರೂ ಆದ್ರೆ, ಅದನ್ನೂ ಬರೀತೀರಾ?"

ಬಾಗಿಲಲ್ಲಿ ನಿಂತಿದ್ದ ಮದುಮಗ ಅವ್ವಾ ಎಂದ. ಅವರು ಮೊರ ಎತ್ತಿಕೊಂಡರು. ಆಮೇಲೆ ಏನೂ ಮಾತಾಡಲಿಲ್ಲ. ಮಾರನೆಯ ದಿನವೂ ಮಾತಾಡಲಿಲ್ಲ. ಒಪ್ಪಿದರು ಎಂದು ಅಜ್ಜ ತಿಳಿದುಕೊಂಡರು, ನಾನೂ.

ಮದುವೆಯ ಹಿಂದಿನ ದಿನ ವರದಿ ಮೂರನೆಯ ಪುಟದಲ್ಲಿ ಬಂತು. ಚುಕ್ಕೆಗಳು ಹಾಗೇ ಉಳಿದಿದ್ದವು. ಸಂಪಾದಕರು ತಲೆಬರಹದಿಂದ ನನ್ನ ಎರಡು ಪದ ತೆಗೆದಿದ್ದರು, ಒಳಗೆ ಮುಟ್ಟಿರಲಿಲ್ಲ.

*

ಮದುವೆ ಮೇಲಿನ ಊರಿನಲ್ಲಿ, ಹುಡುಗಿಯ ಮನೆಯ ಮುಂದಿನ ಚಪ್ಪರದಲ್ಲಿ. ನನ್ನನ್ನೂ ಮೇಷ್ಟ್ರನ್ನೂ ಕರೆದಿದ್ದರು. ಮೈ ಸರಿಯಿಲ್ಲದೆ ಮೇಷ್ಟ್ರು ಬರಲಿಲ್ಲ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮದುಮಗ ಹಸೆಯ ಮೇಲೆ ಕೂತಿದ್ದ, ಪಕ್ಕದಲ್ಲಿ ಅಜ್ಜ. ವಾಲಗದವರು ಎಲೆ ಅಡಿಕೆ ಹಾಕಿಕೊಳ್ಳಲು ಒಂದು ಗಳಿಗೆ ನಿಲ್ಲಿಸಿದ್ದರು. ಕೆಳಗಿನ ಊರಿನವರು ಒಂದು ಕಡೆ, ಮೇಲಿನ ಊರಿನವರು ಒಂದು ಕಡೆ ಕೂತು, ನಡುವೆ ಉಪ್ಪಿಟ್ಟಿನ ತಟ್ಟೆಗಳು ಓಡಾಡುತ್ತಿದ್ದವು.

ಆಗ ಕೇಳಿಸಿತು. ಕಬ್ಬಿಣ ಕಲ್ಲಿಗೆ ಬಿದ್ದ ಸದ್ದು. ಒಂದೇ. ಅದು ಕೆರೆ ದಾಟಿ ಬಂದು, ನಮ್ಮ ಹಿಂದಿನ ಗುಡಿಯ ಗೋಡೆಗೆ ಬಡಿದು, ಇನ್ನೊಂದು ಸಲ ಕೇಳಿಸಿತು.

ಚಪ್ಪರದಲ್ಲಿ ಒಂದು ಬಳೆಯೂ ಸದ್ದು ಮಾಡಲಿಲ್ಲ. ನನ್ನ ಎದುರಿಗೆ ಕೂತಿದ್ದ ಮುದುಕಿಯೊಬ್ಬಳು ಎರಡೂ ಕೈಗಳನ್ನು ಕಿವಿಗೆ ಒತ್ತಿಕೊಂಡಿದ್ದಳು. ಎಲ್ಲರೂ ಮದುಮಗನನ್ನು ನೋಡಿದರು. ಅವನು ಹಸೆಯ ಮೇಲೆಯೇ ಇದ್ದ, ಕೈಯಲ್ಲಿ ತೆಂಗಿನಕಾಯಿ. ಆಮೇಲೆ ಕೆಳಗಿನ ಊರಿನ ಗಂಡಸರು ತಮ್ಮತಮ್ಮಲ್ಲೇ ಎಣಿಸಿಕೊಂಡರು. ತುಟಿ ಅಲ್ಲಾಡುವುದು ಕಾಣುತ್ತಿತ್ತು. ಬಂದವರೆಲ್ಲ ಅಲ್ಲೇ ಇದ್ದರು. ಯಾರೂ ಕಡಿಮೆಯಾಗಿರಲಿಲ್ಲ. ಹಾಗಾದರೆ ಹೊಡೆದವರು ಯಾರು ಎಂಬುದು ಎಲ್ಲರ ಮುಖದ ಮೇಲೂ ಇತ್ತು, ಬಾಯಿಗೆ ಬರಲಿಲ್ಲ. ಅಜ್ಜ ಕಣ್ಣು ಮುಚ್ಚಿ ಏನನ್ನೋ ಹೇಳಿಕೊಳ್ಳುತ್ತಿದ್ದರು.

ಹುಡುಗಿಯ ತಂದೆ ಎದ್ದು ನಿಂತರು. ಕೆರೆಯ ಕಡೆ ನೋಡಿದರು, ಮದುಮಗನನ್ನು ನೋಡಿದರು.

"ಹುಡುಗ ಇಲ್ಲೇ ಇದ್ದಾನೆ" ಎಂದರು. "ವಾಲಗ ಸುರು ಮಾಡ್ರಪ್ಪ."

ನಾನು ಎದ್ದು ಹೊರಗೆ ಬಂದೆ. ಜನರನ್ನು ಎಣಿಸುವುದು ನನ್ನ ಕೆಲಸದ ಅಭ್ಯಾಸ, ಅವರು ಎಣಿಸದೆ ಬಿಟ್ಟದ್ದು ಯಾರನ್ನು ಎಂದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹೊಳೆಯಿತು. ವಿಧವೆಯಾದ ತಾಯಿ ಮಗನ ಧಾರೆಯ ಹೊತ್ತಿಗೆ ಚಪ್ಪರದಲ್ಲಿ ಎದುರಿಗೆ ಇರುವುದಿಲ್ಲ. ಒಳಗೆಲ್ಲೋ ಕೋಣೆಯಲ್ಲಿ ಇದ್ದಾರೆ ಎಂದು ಎಲ್ಲರೂ ತಿಳಿದಿರುತ್ತಾರೆ. ಹೋಗಿ ನೋಡುವವರು ಯಾರೂ ಇಲ್ಲ.

ಏರಿಯ ಮೇಲೆ ಅವರು ಎದುರಾಗಿ ಬರುತ್ತಿದ್ದರು. ಹೊಸ ಸೀರೆ, ಸೆರಗಿನಲ್ಲಿ ಸುತ್ತಿದ ಗಂಟು, ಕೈಯ ಮೇಲೆ ಕಲ್ಲಿನ ಬಿಳಿ ಪುಡಿ. ನನ್ನನ್ನು ಕಂಡು ನಿಂತರು. ಓಡಿಕೊಂಡು ಬಂದವರ ಹಾಗೆ ಉಸಿರು ಮೇಲೆ ಬರುತ್ತಿತ್ತು.

"ಅದು ನಿಮ್ಮ ಊರಿನವರದೇ ಕಲ್ಲು ಅಕ್ಕಾರೆ. ಮೊನ್ನೆ ಹೇಳಿದ್ನಲ್ಲ" ಎಂದೆ.

"ಗೊತ್ತು. ಪೇಪರ್ರೂ ಓದಿಸಿಕೊಂಡೆ."

"ಮತ್ತೆ ಹುಡುಗ ಹಾಕಬಾರದು ಅಂತ..."

"ಹುಡುಗ ಎಲ್ಲಿ ಹಾಕಿದ? ಇದು ಅವನ ಏಟಲ್ಲ ರೀ. ಅವರಪ್ಪ ಹಾಕದೆ ಹೋದದ್ದು." ಸೆರಗಿನಿಂದ ಕೈ ಒರೆಸಿಕೊಂಡರು. "ಇಪ್ಪತ್ತಾರು ವರ್ಷ ಕಾಯ್ತಾ ಕೂತಿತ್ತು. ಇನ್ನು ನನ್ನ ಮಗನ ಹಿಂದೆ ಏನೂ ಇಲ್ಲ."

"ಪಾಪ ಅಂತಾರಲ್ಲ."

"ಇರಲಿ ಬಿಡ್ರೀ. ಒಂದು ಏಟಿಂದು ಎಷ್ಟಾಗ್ತೈತಿ."

ವಾಲಗ ಜೋರಾಯಿತು. ಅವರು ತಲೆಯ ಮೇಲೆ ಸೆರಗು ಹೊದ್ದು, ಹಿತ್ತಲ ದಾರಿ ಹಿಡಿದು ಬೇಗಬೇಗ ನಡೆದರು. ನಾನು ಕಲ್ಲಿನ ಹತ್ತಿರ ಹೋದೆ. ಅಭ್ಯಾಸವಿಲ್ಲದ ಕೈ, ಚಾಣ ಗುಳಿಯ ತಳಕ್ಕೆ ಬೀಳದೆ ಬಲ ಅಂಚಿಗೆ ಬಿದ್ದಿತ್ತು. ಬೆರಳಗಲದ ಚಕ್ಕೆ ಎದ್ದು ಹುಲ್ಲಿನ ಮೇಲೆ ಕೂತಿತ್ತು.

ಮದುವೆ ಮುಗಿಯಿತು. ಊಟ ಮಾಡಿದೆ.

ಒಂದು ವಾರದ ನಂತರ ಮೇಷ್ಟ್ರು ಮೈ ಸರಿಹೋಗಿ, ಕಲ್ಲನ್ನು ಇನ್ನೊಂದು ಸಲ ನೋಡಲು ಒಬ್ಬರೇ ಹೋಗಿ ಬಂದು, ಸೊರಬಕ್ಕೆ ಫೋನು ಮಾಡಲು ನನಗೆ ಹೇಳಿ ಕಳಿಸಿದರು. ಬೂತಿನಿಂದ ಮಾಡಿದೆ. ಬಲ ಅಂಚಿನಲ್ಲಿ ಅರ್ಧ ಅಕ್ಷರ ಉಳಿದಿತ್ತಂತೆ, ಮೊದಲ ಅಚ್ಚಿನಲ್ಲಿ ಮಸಿ ಹೆಚ್ಚಾಗಿ ಮಸುಕಾಗಿತ್ತಂತೆ. ಹೆಸರಿನ ಕೊನೆ ಅಲ್ಲಿಂದ ಹಿಡಿಯಬಹುದು ಎಂದು ಆಸೆ ಇಟ್ಟುಕೊಂಡಿದ್ದರು. ಈಗ ಅದೂ ಇಲ್ಲ. ದನಿಯಲ್ಲಿ ಸಿಟ್ಟಿರಲಿಲ್ಲ. ತಮ್ಮ ಟಿಪ್ಪಣಿಯಲ್ಲಿ ಕಲ್ಲಿನ ಈಗಿನ ಸ್ಥಿತಿಯನ್ನು ದಾಖಲಿಸಬೇಕು, ಮದುವೆಗೆ ನೀವು ಹೋಗಿದ್ದಿರಲ್ಲ, ಈ ಕೊನೆಯ ಏಟು ಯಾರದು ಎಂದು ಕೇಳಿದರು.

ಬೂತಿನ ಗಾಜಿನ ಮೇಲೆ ಕೆಂಪು ಅಂಕಿಗಳು ಓಡುತ್ತಿದ್ದವು. ಮೇಷ್ಟ್ರು ಆ ತುದಿಯಲ್ಲಿ ಪೆನ್ನು ಹಿಡಿದು ಕಾಯುತ್ತಿದ್ದಾರೆ ಎಂದು ಗೊತ್ತಿತ್ತು. ಕೇಳಿದ್ದನ್ನು ಬರೆಯುವವರು, ಬರೆದದ್ದನ್ನು ತಿದ್ದದವರು.

ಗೊತ್ತಾಗಲಿಲ್ಲ, ಚುಕ್ಕೆ ಹಾಕಿಬಿಡಿ ಎಂದೆ.